ಪಿಡಿ-ಎಲ್1 ನಂಬರ್ ಕೈಗೆ ಬಂದಾಗ: ಯಾವ ಟೆಸ್ಟ್, ಯಾವ ಔಷಧಿ, ಯಾವ ಊರು?

ಕಳೆದ ವರ್ಷ ದೀಪಾವಳಿಗೆ ಒಂದು ವಾರ ಇದ್ದಾಗ ನಮ್ಮ ದೊಡ್ಡಪ್ಪ ಒಂದು ರಿಪೋರ್ಟ್ ಹಿಡಿದುಕೊಂಡು ದಾವಣಗೆರೆಗೆ ಬಂದರು. ಅವರದು ಚನ್ನಗಿರಿ ಕಡೆ ಅಡಿಕೆ ತೋಟ. ಎರಡು ವರ್ಷದ ಹಿಂದೆ ಕೆನ್ನೆಯ ಒಳಗೆ ಗಡ್ಡೆ ಆಗಿತ್ತು. ಆಪರೇಷನ್ ಆಯ್ತು, ಕರೆಂಟ್ (ರೇಡಿಯೇಷನ್) ಕೊಡಿಸಿದ್ದೂ ಆಯ್ತು. ಈಗ ಕುತ್ತಿಗೆಯಲ್ಲಿ ಮತ್ತೆ ಗಂಟು, ಶ್ವಾಸಕೋಶದಲ್ಲಿ ಎರಡು ಚುಕ್ಕೆ. ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಪಿಡಿ-ಎಲ್1, ಸಿಪಿಎಸ್ 15’ ಅಂತ ಇತ್ತು. ಪಿಡಿ-ಎಲ್1 ಅನ್ನೋದು ಕ್ಯಾನ್ಸರ್ ಗಡ್ಡೆಯಲ್ಲಿ ಕಾಣುವ ಒಂದು ಪ್ರೋಟೀನ್, ಸಿಪಿಎಸ್ ಅದನ್ನು ಅಳೆಯುವ ನಂಬರ್. ಜಗಲಿಯ ಮೇಲೆ ಕೂತು ಅದರ ಮೇಲೆ ಬೆರಳಿಟ್ಟು ಕೇಳಿದರು: “ಏನವ್ವ, ಈ ನಂಬರ್ ಜಾಸ್ತಿ ಇದ್ರೆ ಒಳ್ಳೇದೋ, ಕೆಟ್ಟದ್ದೋ?”

ನಾನು ಹದಿಮೂರು ವರ್ಷದಿಂದ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಯಾಪ್ಸಿ ತುಂಡನ್ನು ಮೇಣದ ಬ್ಲಾಕ್ ಮಾಡೋದು, ತೆಳ್ಳಗೆ ಕತ್ತರಿಸೋದು, ಬಣ್ಣ ಹಾಕಿ ಸ್ಲೈಡ್ ಮಾಡೋದು ನನ್ನ ಕೆಲಸ. ಆದರೂ ಅವರಿಗೆ ಒಂದೇ ಮಾತಿನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಆ ನಂಬರನ್ನು ನೋಡಿ ಎರಡು ಬೇರೆ ಬೇರೆ ಪ್ರಶ್ನೆ ಕೇಳಬಹುದು. ಕಾಯಿಲೆ ಮುಂದೆ ಹೇಗೆ ಸಾಗುತ್ತದೆ ಅನ್ನೋದು ಒಂದು, ಅದಕ್ಕೆ ಮುನ್ನೋಟ ಅನ್ನೋಣ. ಯಾವ ಔಷಧಿ ನಾಟುತ್ತದೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಕೆಟ್ಟದ್ದಾಗಿ ಕಾಣುವ ನಂಬರ್ ಎರಡನೆಯದಕ್ಕೆ ಒಳ್ಳೆಯದಾಗಿರಬಹುದು. ಎಷ್ಟೋ ಮನೆಯವರು ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಕೊನೆಯ ತೀರ್ಮಾನ ನಿಮ್ಮ ಕ್ಯಾನ್ಸರ್ ಡಾಕ್ಟರ ಜೊತೆ ಕೂತು ಮಾಡಬೇಕಾದದ್ದು. ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಅನ್ನೋದಷ್ಟೇ ನನ್ನ ಆಸೆ.

ಎತ್ತಿನ ಬಾಯಿಕುಕ್ಕೆ

ದೊಡ್ಡಪ್ಪನಿಗೆ ನಾನು ಹೇಳಿದ್ದು ಹೀಗೆ. ಮೆಕ್ಕೆಜೋಳದ ಹೊಲದಲ್ಲಿ ಎಡೆಕುಂಟೆ ಹೊಡೆಯುವಾಗ ಎತ್ತಿನ ಬಾಯಿಗೆ ಕುಕ್ಕೆ ಕಟ್ಟುತ್ತೀರಿ, ಅಲ್ವಾ? ಕಟ್ಟದಿದ್ದರೆ ಅದು ನಮ್ಮ ಬೆಳೆಗೇ ಬಾಯಿ ಹಾಕುತ್ತದೆ. ನಮ್ಮ ರಕ್ತದಲ್ಲಿ ಟಿ ಕಣಗಳು ಅಂತ ಇವೆ. ರೋಗ ಬಂದ ಕಣವನ್ನು ಹುಡುಕಿ ಕೊಲ್ಲೋದು ಅವುಗಳ ಕೆಲಸ. ಅವು ನಮ್ಮ ಒಳ್ಳೆಯ ಅಂಗಗಳಿಗೆ ಬಾಯಿ ಹಾಕಬಾರದು ಅಂತ ದೇಹವೇ ಅವಕ್ಕೆ ಕುಕ್ಕೆ ಇಟ್ಟಿದೆ. ಚೆಕ್‌ಪಾಯಿಂಟ್ ಪ್ರೋಟೀನ್ ಅಂದರೆ ಅದೇ.

ಟಿ ಕಣದ ಮೈಮೇಲೆ ಪಿಡಿ-1 ಇರುತ್ತದೆ. ಎದುರಿನ ಕಣದ ಮೈಮೇಲೆ ಪಿಡಿ-ಎಲ್1 ಇದ್ದರೆ ಎರಡೂ ಕೂಡಿಕೊಂಡು ಟಿ ಕಣ ತಣ್ಣಗಾಗುತ್ತದೆ. ಕ್ಯಾನ್ಸರ್ ಕಣ ಈ ಉಪಾಯವನ್ನು ಕದ್ದಿದೆ. ತಾನೇ ಪಿಡಿ-ಎಲ್1 ಹೊತ್ತುಕೊಂಡು, ಕೊಲ್ಲಲು ಬಂದ ಎತ್ತಿನ ಬಾಯಿ ಕಟ್ಟುತ್ತದೆ. ಈಗಿನ ಔಷಧಿಗಳು ಮಾಡೋದು ಆ ಕುಕ್ಕೆ ಬಿಚ್ಚುವ ಕೆಲಸ. ಅವು ಕಳೆಯನ್ನು ತಾವೇ ಕೊಲ್ಲುವುದಿಲ್ಲ. ಬಿಚ್ಚಿದ ಮೇಲೆ ಎತ್ತು ಕಳೆ ತಿನ್ನುತ್ತದೆ, ಕೆಲವು ಸಲ ಬೆಳೆಗೂ ಬಾಯಿ ಹಾಕುತ್ತದೆ. ಅಡ್ಡಪರಿಣಾಮ ಬರುವುದು ಅಲ್ಲಿಂದಲೇ.

ಜಪಾನಿನ ತಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಕಂಡುಹಿಡಿಯಿತು. ಸಿಟಿಎಲ್‌ಎ-4 ಅನ್ನುವ ಇನ್ನೊಂದು ಕುಕ್ಕೆಯನ್ನು ಬಿಚ್ಚಿ ಕ್ಯಾನ್ಸರ್ ವಾಸಿ ಮಾಡಬಹುದು ಅಂತ ತೋರಿಸಿದವರು ಅಮೆರಿಕದ ಜೇಮ್ಸ್ ಆಲಿಸನ್. ಇಬ್ಬರಿಗೂ ಸೇರಿ 2018ರ ವೈದ್ಯಕೀಯ ನೊಬೆಲ್ ಬಂತು. ದೊಡ್ಡಪ್ಪ ಇದನ್ನು ಕೇಳಿ “ಅಷ್ಟು ಹೊಸದಾ?” ಅಂದರು. ಔಷಧಿಯಾಗಿ ಬಂದದ್ದು ಇನ್ನೂ ಈಚೆಗೆ. ಸಿಟಿಎಲ್‌ಎ-4 ತಡೆಯುವ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ಪಿಡಿ-1 ತಡೆಯುವ ಪೆಂಬ್ರೊಲಿಝುಮ್ಯಾಬ್ ಮತ್ತು ನಿವೊಲುಮ್ಯಾಬ್‌ಗೆ 2014ರಲ್ಲಿ.

ಹರಡುವುದಕ್ಕೂ ಈ ಪ್ರೋಟೀನಿಗೂ ಏನು ನಂಟು?

ಗಡ್ಡೆ ಇದ್ದ ಜಾಗದಲ್ಲೇ ಇದ್ದರೆ ಕತ್ತರಿಸಿ ತೆಗೆಯಬಹುದು. ಜೀವ ತೆಗೆಯುವುದು ಹೆಚ್ಚಾಗಿ ಹರಡಿದ ಕ್ಯಾನ್ಸರೇ. ಹರಡುವ ಕಣ ತನ್ನ ಗುಂಪು ಬಿಟ್ಟು ಸಡಿಲವಾಗಬೇಕು. ರಕ್ತಕ್ಕೋ ಲಿಂಫ್ ನಾಳಕ್ಕೋ ಇಳಿಯಬೇಕು. ದಾರಿಯಲ್ಲಿ ಕಾವಲುಗಾರರಿಂದ ತಪ್ಪಿಸಿಕೊಳ್ಳಬೇಕು. ಹೊಸ ಜಾಗದಲ್ಲಿ ಬೇರು ಬಿಡಬೇಕು. ಹೊರಟ ಕಣಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಪಿಡಿ-ಎಲ್1 ಇಲ್ಲಿ ಕಳ್ಳನಿಗೆ ಸಿಕ್ಕ ಪಾಸ್ ಇದ್ದಂತೆ.

ಶ್ವಾಸಕೋಶದ ಕ್ಯಾನ್ಸರ್ ಮೇಲೆ 2014ರಲ್ಲಿ ಬಂದ ಒಂದು ಸಂಶೋಧನೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಕಣವನ್ನು ಸಡಿಲ ಮಾಡಿ ಓಡಾಡುವಂತೆ ಮಾಡುವ ಒಳಗಿನ ಸ್ವಿಚ್ಚೇ ಪಿಡಿ-ಎಲ್1 ಅನ್ನೂ ಏರಿಸುತ್ತದೆ ಅಂತ ಅದು ತೋರಿಸಿತು. ಅಂದರೆ ಮನೆ ಬಿಟ್ಟು ಹೊರಡುವ ಹೊತ್ತಿಗೇ ಪಾಸ್ ಕೂಡ ಕಿಸೆಯಲ್ಲಿರುತ್ತದೆ. 2018ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ಕಣಗಳು ಪಿಡಿ-ಎಲ್1 ಹೊತ್ತ ಸಣ್ಣ ಸಣ್ಣ ಗುಳ್ಳೆಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ದೂರದಲ್ಲಿರುವ ಟಿ ಕಣಗಳನ್ನೂ ಕುಗ್ಗಿಸುತ್ತವೆ.

ಪಿಡಿ-ಎಲ್1 ಒಂದೇ ಅಲ್ಲ. ಸಿಡಿ47 ಅಂತ ಒಂದಿದೆ. ಅದು ಕಸ ನುಂಗುವ ಮ್ಯಾಕ್ರೋಫೇಜ್ ಕಣಗಳಿಗೆ ‘ನನ್ನನ್ನು ತಿನ್ನಬೇಡ’ ಅಂತ ಸನ್ನೆ ಮಾಡುತ್ತದೆ. ಬಿ7-ಎಚ್3 ಅನ್ನುವುದು ಹೆಚ್ಚಿದ್ದರೆ ಹಲವು ಬಗೆಯ ಕ್ಯಾನ್ಸರುಗಳಲ್ಲಿ ಹರಡುವಿಕೆ ಜಾಸ್ತಿ, ಮುನ್ನೋಟ ಕೆಟ್ಟದ್ದು. ಲ್ಯಾಗ್-3, ಟಿಮ್-3, ಟಿಜಿಟ್ ಇವು ಬಹಳ ದಿನ ಹೋರಾಡಿ ಸುಸ್ತಾದ ಟಿ ಕಣಗಳ ಮೇಲೆ ಕಾಣುತ್ತವೆ. ಇವುಗಳಲ್ಲಿ ಲ್ಯಾಗ್-3 ತಡೆಯುವ ಔಷಧಿ ಮಾತ್ರ 2022ರಲ್ಲಿ ಒಪ್ಪಿಗೆ ಪಡೆಯಿತು, ಅದೂ ಮೆಲನೋಮಕ್ಕೆ. ಮೆಲನೋಮ ನಮ್ಮ ಕಡೆ ಅಪರೂಪ. ಹಾಗಾಗಿ ಇಂದು ರಿಪೋರ್ಟಿನಲ್ಲಿ ಇವುಗಳ ಹೆಸರು ಕಂಡರೂ ತಲೆ ಕೆಡಿಸಿಕೊಳ್ಳಬೇಡಿ. ಇವಕ್ಕೆಂದು ಬೇರೆ ದುಡ್ಡು ಕೊಟ್ಟು ಟೆಸ್ಟ್ ಮಾಡಿಸುವ ಅಗತ್ಯವಿಲ್ಲ.

ಮುನ್ನೋಟ ಬೇರೆ, ಔಷಧಿಯ ಆಯ್ಕೆ ಬೇರೆ

ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ. ಪಿಡಿ-ಎಲ್1 ಎರಡು ಕಾರಣಕ್ಕೆ ಏರಬಹುದು. ಒಂದು, ಟಿ ಕಣಗಳು ಗಡ್ಡೆಯ ಒಳಗೆ ನುಗ್ಗಿ ಇಂಟರ್‌ಫೆರಾನ್ ಗಾಮಾ ಅನ್ನುವ ವಸ್ತು ಸುರಿಯುತ್ತಿವೆ, ಅದಕ್ಕೆ ಹೆದರಿ ಕ್ಯಾನ್ಸರ್ ಕಣ ಗುರಾಣಿ ಎತ್ತಿದೆ. ಆಗ ಒಳಗೆ ಹೋರಾಟ ನಡೆಯುತ್ತಿದೆ ಅಂತ ಅರ್ಥ. ಎರಡು, ಕ್ಯಾನ್ಸರ್ ಕಣದ ಜೀನ್ ಕೆಟ್ಟು ಸುಮ್ನೆ ತಾನಾಗಿಯೇ ಪಿಡಿ-ಎಲ್1 ತಯಾರಾಗುತ್ತಿದೆ. ಅಲ್ಲಿ ಹೋರಾಟವೇ ಇಲ್ಲದಿರಬಹುದು. ಎರಡರಲ್ಲೂ ಸ್ಲೈಡಿನ ಮೇಲೆ ಕಾಣುವುದು ಅದೇ ಕಂದು ಬಣ್ಣ. ನಾನು ದಿನಾ ನೋಡುವ ಬಣ್ಣ ಅದು. ಬರೀ ಬಣ್ಣ ನೋಡಿ ಯಾವುದು ಯಾವ ಕಾರಣಕ್ಕೆ ಅಂತ ಹೇಳೋಕೆ ಬರುವುದಿಲ್ಲ.

ಅದಕ್ಕೇ ಲೆಕ್ಕಗಳು ಹೊಂದುವುದಿಲ್ಲ. ಕಿಡ್ನಿ ಕ್ಯಾನ್ಸರಿನಲ್ಲಿ ಪಿಡಿ-ಎಲ್1 ಇದ್ದವರ ಮುನ್ನೋಟ ಕೆಟ್ಟದಾಗಿತ್ತು. ಮೆಲನೋಮದಲ್ಲಿ ಟಿ ಕಣಗಳ ಪಕ್ಕದಲ್ಲೇ ಪಿಡಿ-ಎಲ್1 ಕಂಡವರು ಹೆಚ್ಚು ಕಾಲ ಬದುಕಿದರು. ಹೀಗಾಗಿ ಯಾರಾದರೂ ‘ನಂಬರ್ ಜಾಸ್ತಿ, ಕಾಯಿಲೆ ಜೋರು’ ಅಂತ ಒಂದೇ ಮಾತಿಗೆ ಹೇಳಿದರೆ ಒಪ್ಪಬೇಡಿ. ಹೆಚ್ಚು ನಂಬಬಹುದಾದದ್ದು ಔಷಧಿಯ ಉತ್ತರ. ಕೆಲವು ಕ್ಯಾನ್ಸರುಗಳಲ್ಲಿ ನಂಬರ್ ಜಾಸ್ತಿ ಇದ್ದಷ್ಟೂ ಕುಕ್ಕೆ ಬಿಚ್ಚುವ ಔಷಧಿ ನಾಟುವ ಸಾಧ್ಯತೆ ಜಾಸ್ತಿ.

ದೇಹದ ಕಾವಲು ಹರಡುವಿಕೆಯನ್ನು ತಡೆಯುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಚೆಂದದ ಸಾಕ್ಷಿ ದೊಡ್ಡಕರುಳಿನ ಕ್ಯಾನ್ಸರಿನದು. ಎಮ್‌ಎಸ್‌ಐ-ಹೈ ಅನ್ನುವ ಬಗೆ ಇದೆ. ಅದರಲ್ಲಿ ಡಿಎನ್‌ಎ ರಿಪೇರಿ ಕೆಟ್ಟು ಕಣದ ತುಂಬ ತಪ್ಪುಗಳಾಗಿರುತ್ತವೆ. ಅಷ್ಟು ವಿಕಾರ ಇದ್ದದ್ದರಿಂದ ಟಿ ಕಣಗಳಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಎಲ್ಲ ಹಂತದ ದೊಡ್ಡಕರುಳಿನ ಕ್ಯಾನ್ಸರ್ ಲೆಕ್ಕ ಹಿಡಿದರೆ ನೂರಕ್ಕೆ ಸುಮಾರು 15 ಈ ಬಗೆ. ದೂರಕ್ಕೆ ಹರಡಿದವುಗಳಲ್ಲಿ ನೂರಕ್ಕೆ 4-5 ಮಾತ್ರ. ಈ ಬಗೆಯ ಉಳಿದವಕ್ಕೆ ಅಷ್ಟು ಸುಲಭವಾಗಿ ಹೊರಗೆ ಹೋಗಲು ಆಗಲಿಲ್ಲ. ಹಾಗೂ ಹೀಗೂ ಹರಡಿದವರಲ್ಲಿ ಪೆಂಬ್ರೊಲಿಝುಮ್ಯಾಬ್ ಕೀಮೋಗಿಂತ ಎಷ್ಟೋ ಮೇಲು. 2020ರಲ್ಲಿ ಬಂದ ಪ್ರಯೋಗದಲ್ಲಿ ಕಾಯಿಲೆ ಮತ್ತೆ ಬೆಳೆಯದೆ ನಿಂತ ಕಾಲ 16.5 ತಿಂಗಳು, ಕೀಮೋದಲ್ಲಿ 8.2 ತಿಂಗಳು.

ಯಾವ ಟೆಸ್ಟಿಗೆ ಮೊದಲು ದುಡ್ಡು ಹಾಕಬೇಕು?

ಇದು ಯಾವ ಅಂಗದ ಕ್ಯಾನ್ಸರ್ ಅನ್ನುವುದರ ಮೇಲೆ ನಿಂತಿದೆ.

ಬಾಯಿ, ಗಂಟಲು, ಕುತ್ತಿಗೆಯದಾದರೆ ಪಿಡಿ-ಎಲ್1 ಸಿಪಿಎಸ್ ಸಾಕು. ಗರ್ಭಕಂಠದ್ದಕ್ಕೂ ಅದೇ, 1 ಅಥವಾ ಜಾಸ್ತಿ ಇದೆಯೋ ಅಂತ ನೋಡುತ್ತಾರೆ. ಹರಡಿದ ಟ್ರಿಪಲ್ ನೆಗೆಟಿವ್ (ಹಾರ್ಮೋನಿನ ಎರಡು ಟೆಸ್ಟ್, ಹರ್2 ಟೆಸ್ಟ್ ಮೂರೂ ನೆಗೆಟಿವ್ ಬಂದ) ಸ್ತನ ಕ್ಯಾನ್ಸರಿಗೆ ಗೆರೆ 10. ದೊಡ್ಡಕರುಳಿನದಾದರೆ ಪಿಡಿ-ಎಲ್1 ಬೇಡ, ಎಮ್‌ಎಮ್‌ಆರ್ ಟೆಸ್ಟ್ ಕೇಳಿ. ಡಿಎನ್‌ಎ ರಿಪೇರಿ ಕೆಟ್ಟಿದೆಯೋ ಅಂತ ನೋಡುವ ನಾಲ್ಕು ಬಣ್ಣದ ಟೆಸ್ಟ್ ಅದು, ಇದ್ದ ಬ್ಲಾಕಿನಲ್ಲೇ ಆಗುತ್ತದೆ.

ಶ್ವಾಸಕೋಶದ್ದಾದರೆ ಸ್ವಲ್ಪ ನಿಲ್ಲಿ. ಅಡಿನೋಕಾರ್ಸಿನೋಮ (ಶ್ವಾಸಕೋಶ ಕ್ಯಾನ್ಸರಿನ ಒಂದು ಬಗೆ) ಅಂತ ರಿಪೋರ್ಟ್ ಇದ್ದರೆ ಪಿಡಿ-ಎಲ್1 ಜೊತೆಗೆ ಇಜಿಎಫ್‌ಆರ್, ಎಎಲ್‌ಕೆ, ರಾಸ್1 ಅನ್ನುವ ಜೀನ್ ಟೆಸ್ಟುಗಳ ಉತ್ತರ ಬರುವ ತನಕ ಇಮ್ಯುನೊಥೆರಪಿ, ಅಂದರೆ ಕುಕ್ಕೆ ಬಿಚ್ಚುವ ಔಷಧಿ, ಶುರು ಮಾಡಬೇಡಿ. ನಮ್ಮ ದೇಶದಲ್ಲಿ ಈ ಬಗೆಯ ನಾಲ್ವರಲ್ಲಿ ಒಬ್ಬರಿಗಾದರೂ ಇಜಿಎಫ್‌ಆರ್ ಬದಲಾವಣೆ ಇರುತ್ತದೆ. ಅವರಿಗೆ ಪಿಡಿ-ಎಲ್1 ನಂಬರ್ 80 ಇದ್ದರೂ ಕುಕ್ಕೆ ಬಿಚ್ಚುವ ಔಷಧಿ ಅಷ್ಟು ನಾಟುವುದಿಲ್ಲ. ದಿನಕ್ಕೊಂದು ಮಾತ್ರೆಯ ಒಸಿಮರ್ಟಿನಿಬ್ ಚೆನ್ನಾಗಿ ನಾಟುತ್ತದೆ. ಇನ್ನೂ ದೊಡ್ಡ ಅಪಾಯ ಅಂದರೆ, ಮೊದಲು ಇಮ್ಯುನೊಥೆರಪಿ ಕೊಟ್ಟು ಕೂಡಲೇ ಒಸಿಮರ್ಟಿನಿಬ್‌ಗೆ ಬದಲಾಯಿಸಿದರೆ ಶ್ವಾಸಕೋಶ ಉರಿಯೂತ ಆಗುವ ಸಾಧ್ಯತೆ ಏರುತ್ತದೆ. ಎರಡು ವಾರ ಕಾಯೋದು ಕಷ್ಟ, ನನಗೆ ಗೊತ್ತು. ಆದರೂ ಈ ಕಾಯುವಿಕೆಗೆ ಬೆಲೆ ಇದೆ. ಕಾಯಲಾಗದಷ್ಟು ಉಸಿರಿನ ಕಷ್ಟ ಇದ್ದರೆ ಮೊದಲ ಸುತ್ತು ಬರೀ ಕೀಮೋ ಕೊಟ್ಟು ರಿಪೋರ್ಟ್ ಕಾಯಬಹುದಾ ಅಂತ ಡಾಕ್ಟರನ್ನು ಕೇಳಿ.

ನೂರಾರು ಜೀನ್ ಒಟ್ಟಿಗೆ ನೋಡುವ ದೊಡ್ಡ ಪ್ಯಾನೆಲ್ ಟೆಸ್ಟಿನಲ್ಲಿ ಟಿಎಮ್‌ಬಿ ಅನ್ನುವ ಇನ್ನೊಂದು ನಂಬರ್ ಬರುತ್ತದೆ, ಕ್ಯಾನ್ಸರ್ ಕಣದ ಜೀನುಗಳಲ್ಲಿ ಎಷ್ಟು ತಪ್ಪುಗಳಿವೆ ಅನ್ನೋ ಲೆಕ್ಕ ಅದು. ಕೈಯಲ್ಲಿ ಹಣ ಬಿಗಿ ಇದ್ದರೆ, ಬಾಯಿ ಕ್ಯಾನ್ಸರಿಗೆ ಮೊದಲ ದಿನವೇ ಇದನ್ನು ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಆ ಹಣ ಔಷಧಿಗೆ, ಓಡಾಟಕ್ಕೆ ಉಳಿಯಲಿ.

ನಂಬರ್ ಓದುವುದು ಹೇಗೆ? ಟಿಪಿಎಸ್ ಅಂದರೆ ನೂರು ಕ್ಯಾನ್ಸರ್ ಕಣಗಳಲ್ಲಿ ಎಷ್ಟಕ್ಕೆ ಬಣ್ಣ ಹತ್ತಿದೆ ಅನ್ನೋದು. ಶ್ವಾಸಕೋಶಕ್ಕೆ ಇದನ್ನು ಬಳಸುತ್ತಾರೆ. ಸಿಪಿಎಸ್‌ನಲ್ಲಿ ಸುತ್ತಲಿನ ರಕ್ಷಣಾ ಕಣಗಳಿಗೆ ಹತ್ತಿದ ಬಣ್ಣವನ್ನೂ ಸೇರಿಸಿ ಎಣಿಸುತ್ತಾರೆ. ಹಾಗಾಗಿ ಒಬ್ಬರ ಟಿಪಿಎಸ್ 5, ಇನ್ನೊಬ್ಬರ ಸಿಪಿಎಸ್ 15 ಹೋಲಿಸಿ ಮಾತಾಡಬೇಡಿ. ಅಳತೆಗೋಲೇ ಬೇರೆ. ರಿಪೋರ್ಟಿನಲ್ಲಿ ಬಣ್ಣ ಹತ್ತಿಸಲು ಯಾವ ಆಂಟಿಬಾಡಿ ಬಳಸಿದ್ದಾರೆ ಅಂತಲೂ ನೋಡಿ: 22ಸಿ3, 28-8, ಎಸ್‌ಪಿ263, ಎಸ್‌ಪಿ142. ಕೊನೆಯದು ಕ್ಯಾನ್ಸರ್ ಕಣಗಳಿಗೆ ಬಣ್ಣ ಕಡಿಮೆ ಹತ್ತಿಸುತ್ತದೆ. ಒಂದರಲ್ಲಿ ಕಡಿಮೆ ಬಂದವರಿಗೆ ಇನ್ನೊಂದರಲ್ಲಿ ಜಾಸ್ತಿ ಬರಬಹುದು.

ದೊಡ್ಡಪ್ಪನ ಮೊದಲ ರಿಪೋರ್ಟ್ ಬೇರೊಂದು ಊರಿನ ಲ್ಯಾಬಿನಿಂದ ಬಂದಿತ್ತು. ಅದರಲ್ಲಿ ಬರೀ ‘ಪಾಸಿಟಿವ್’ ಅಂತ ಇತ್ತು. ಸ್ಕೋರ್ ಇಲ್ಲ, ಆಂಟಿಬಾಡಿ ಹೆಸರಿಲ್ಲ, ನೂರು ಕ್ಯಾನ್ಸರ್ ಕಣ ಸಿಕ್ಕಿತೋ ಇಲ್ಲವೋ ಅನ್ನೋದೂ ಇಲ್ಲ. ನೂರಕ್ಕಿಂತ ಕಡಿಮೆ ಕಣ ಇದ್ದರೆ ಆ ಟೆಸ್ಟಿಗೆ ಅರ್ಥವೇ ಇಲ್ಲ. ಅಣ್ಣ ಅದಕ್ಕೆ ದುಡ್ಡು ಕಟ್ಟಿ ಹತ್ತು ದಿನ ಕಾದಿದ್ದ. ನನಗೆ ಇವತ್ತಿಗೂ ಸಂಕಟವಾಗುತ್ತದೆ. ಮತ್ತೆ ಬ್ಲಾಕ್ ತರಿಸಿ ಇನ್ನೊಂದು ಕಡೆ ಮಾಡಿಸಿದ ಮೇಲೆಯೇ ಸಿಪಿಎಸ್ 15 ಅಂತ ಗೊತ್ತಾದದ್ದು.

ಬ್ಲಾಕಿನ ವಿಷಯ ಬಂತು ಅಂತ ಹೇಳುತ್ತೇನೆ. ಮೊದಲ ಆಪರೇಷನ್ನಿನ ಬ್ಲಾಕೂ ಇದ್ದು, ಈಗಿನ ಗಂಟಿನ ಬಯಾಪ್ಸಿಯೂ ಇದ್ದರೆ ಹೊಸದನ್ನೇ ಕಳಿಸಿ. ಹರಡಿದ ಜಾಗದ ನಂಬರ್ ಮೂಲದ ನಂಬರಿಗಿಂತ ಬೇರೆ ಇರಬಹುದು. ಮೂರು ವರ್ಷ ದಾಟಿದ ಬ್ಲಾಕಿನಲ್ಲಿ ಬಣ್ಣ ಕುಂದುತ್ತದೆ. ಬ್ಲಾಕ್ ಮೇಣದ್ದು, ಬಿಸಿಗೆ ಕರಗುತ್ತದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಊಟಕ್ಕೆ ಹೋಗಬೇಡಿ. ಸಣ್ಣ ಡಬ್ಬಿಯಲ್ಲಿ ಹತ್ತಿ ಹಾಕಿ, ಹೆಸರು ಮತ್ತು ಬಯಾಪ್ಸಿ ನಂಬರ್ ಬರೆದು, ಕೈಚೀಲದಲ್ಲಿ ಒಯ್ಯಿರಿ. ಮತ್ತೆ ಬಯಾಪ್ಸಿ ಮಾಡುವುದಾದರೆ ತುಂಡು ನೇರ ಫಾರ್ಮಲಿನ್‌ಗೇ ಬೀಳಬೇಕು. ಸಲೈನ್ ಬಾಟಲಿಯಲ್ಲಿ ಬಂದ ತುಂಡುಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಬಣ್ಣದ ಟೆಸ್ಟ್ ಕೆಡುತ್ತದೆ.

ಬಾಯಿ ಕ್ಯಾನ್ಸರ್ ಮರಳಿ ಬಂದವರ ಮುಂದಿರುವ ದಾರಿಗಳು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ನನ್ನ ಕೈಗೆ ಹೆಚ್ಚು ಬರುವ ಬ್ಲಾಕ್ ಇದೇ. ಎಲೆ-ಅಡಿಕೆ-ಹೊಗೆಸೊಪ್ಪು ನಮ್ಮ ಮನೆಮನೆಯದು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆ ಜಗಿಯುವುದೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆಯ ಮೇಲೆ ಬದುಕುವ ಮನೆಯಲ್ಲಿ ಹುಟ್ಟಿ ಇದನ್ನು ಬರೆಯೋದು ಸುಲಭವಲ್ಲ. ಆದರೆ ಬ್ಲಾಕುಗಳನ್ನು ನೋಡಿದ ಮೇಲೆ ಸುಮ್ಮನಿರಲು ಆಗುವುದಿಲ್ಲ.

ಮೊದಲ ದಾರಿ, ಪೆಂಬ್ರೊಲಿಝುಮ್ಯಾಬ್ ಒಂದನ್ನೇ ಕೊಡೋದು. ಕೀನೋಟ್-048 ಅನ್ನುವ ದೊಡ್ಡ ಪ್ರಯೋಗದಲ್ಲಿ ಇದನ್ನು ಸೆಟುಕ್ಸಿಮ್ಯಾಬ್ ಅನ್ನುವ ಇನ್ನೊಂದು ಕ್ಯಾನ್ಸರ್ ಔಷಧಿ ಸೇರಿದ ಕೀಮೋ ಜೊತೆ ಹೋಲಿಸಿದರು. ಸಿಪಿಎಸ್ 20 ಅಥವಾ ಜಾಸ್ತಿ ಇದ್ದವರಲ್ಲಿ ಅರ್ಧದಷ್ಟು ಜನ 14.9 ತಿಂಗಳು ದಾಟಿದರು, ಕೀಮೋ ಗುಂಪಿನಲ್ಲಿ 10.7. ಸಿಪಿಎಸ್ 1 ಅಥವಾ ಜಾಸ್ತಿ ಇದ್ದ ಎಲ್ಲರನ್ನೂ ಸೇರಿಸಿದರೆ 12.3 ಮತ್ತು 10.3. ಅಂತರ ಸಣ್ಣದು ಅನಿಸಬಹುದು. ಆದರೆ ನಾಟಿದವರಲ್ಲಿ ಅದರ ಫಲ 20 ತಿಂಗಳ ಆಸುಪಾಸು ನಿಂತಿತು. ಕೀಮೋ ಗುಂಪಿನಲ್ಲಿ ನಾಲ್ಕೂವರೆ ತಿಂಗಳ ಆಸುಪಾಸು. ತೊಡಕು ಏನಂದರೆ ಎಲ್ಲರಿಗೂ ನಾಟುವುದಿಲ್ಲ. ಗಡ್ಡೆ ಕುಗ್ಗಿದ್ದು ನೂರಕ್ಕೆ ಸುಮಾರು 17 ಜನರಲ್ಲಿ, ಕೀಮೋದಲ್ಲಿ 36 ಜನರಲ್ಲಿ.

ಎರಡನೆಯದು, ಪೆಂಬ್ರೊಲಿಝುಮ್ಯಾಬ್ ಜೊತೆ ಕೀಮೋ. ಗಡ್ಡೆ ದೊಡ್ಡದಾಗಿ ನುಂಗೋಕೆ, ಉಸಿರಾಡೋಕೆ ಕಷ್ಟವಾಗಿದ್ದರೆ ಬೇಗ ಕುಗ್ಗಿಸಬೇಕು. ಆಗ ಇದು ಸರಿ. ನಂಬರ್ ಕಡಿಮೆ ಇದ್ದವರಿಗೂ ಇದನ್ನೇ ನೋಡುತ್ತಾರೆ. ಮೈ ಮೇಲಿನ ಹೊರೆ ಮಾತ್ರ ಜಾಸ್ತಿ. ಆ ಪ್ರಯೋಗದಲ್ಲಿ ಜೋರಾದ ತೊಂದರೆ ಬಂದದ್ದು ಪೆಂಬ್ರೊಲಿಝುಮ್ಯಾಬ್ ಒಂದೇ ಪಡೆದವರಲ್ಲಿ ನೂರಕ್ಕೆ 55 ಜನರಿಗೆ, ಕೀಮೋ ಸೇರಿದಾಗ 85 ಜನರಿಗೆ. ಇನ್ನೊಂದು ಮಾತು, ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು ಮೊದಲ ಚಿಕಿತ್ಸೆ ಮುಗಿದು ಆರು ತಿಂಗಳಾದರೂ ಆಗಿದ್ದವರನ್ನು. ಆರು ತಿಂಗಳ ಒಳಗೇ ಮರಳಿದ್ದರೆ ಈ ಅಂಕಿ ನಿಮ್ಮದಲ್ಲ.

ಮೂರನೆಯದು ನಮ್ಮ ದೇಶದ ದಾರಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾಕ್ಟರುಗಳು ಮೂರು ಮಾತ್ರೆಗಳನ್ನು, ಅಂದರೆ ಮೆಥೊಟ್ರೆಕ್ಸೇಟ್, ಸೆಲೆಕೊಕ್ಸಿಬ್, ಎರ್ಲೊಟಿನಿಬ್, ಮೊದಲಿನಿಂದ ಬಳಸುತ್ತಿದ್ದರು. ಅದಕ್ಕೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಸೇರಿಸಿ ನೋಡಿದರು. ಸಾಮಾನ್ಯ ಡೋಸ್ ಎರಡು ವಾರಕ್ಕೆ 240 ಮಿಲಿಗ್ರಾಂ. ಅಂದರೆ ಒಂದು ಸಲಕ್ಕೆ ಹನ್ನೆರಡರಲ್ಲಿ ಒಂದು ಪಾಲು. 151 ರೋಗಿಗಳ ಈ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಬರೀ ಮಾತ್ರೆ ಪಡೆದವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 16.3. ನಿವೊಲುಮ್ಯಾಬ್ ಸೇರಿದವರಲ್ಲಿ 43.4. ಮೊದಲ ಸಲ ಓದಿದಾಗ ನಾನು ಎರಡು ಸಲ ಅಂಕಿ ನೋಡಿದೆ. ಔಷಧಿ ಟಿ ಕಣದ ಪಿಡಿ-1 ಅನ್ನು ಮುಚ್ಚಿದರೆ ಸಾಕು, ಅದಕ್ಕೆ ಬಹಳ ಕಡಿಮೆ ಪ್ರಮಾಣವೇ ಸಾಕಾಗುತ್ತದೆ ಅನ್ನೋದು ಇದರ ಹಿಂದಿನ ಲೆಕ್ಕ.

ಇದರ ಮಿತಿಯನ್ನೂ ಹೇಳಬೇಕು. ಅಲ್ಲಿ ಹೋಲಿಸಿದ್ದು ಬರೀ ಮಾತ್ರೆಯ ಜೊತೆ, ಪೂರ್ತಿ ಡೋಸಿನ ಜೊತೆ ಅಲ್ಲ. ಎದ್ದು ಓಡಾಡುವ ಶಕ್ತಿ ಇದ್ದವರನ್ನೇ ತೆಗೆದುಕೊಂಡಿದ್ದರು. ಹಾಸಿಗೆ ಹಿಡಿದವರಿಗೆ ಇದೇ ಫಲ ಅಂತ ಹೇಳಲು ಬರುವುದಿಲ್ಲ. ಪೂರ್ತಿ ಡೋಸ್ ಕೈಗೆಟುಕುವವರು ಉಳಿತಾಯಕ್ಕೆಂದು ಇದಕ್ಕೆ ಬರಬೇಕೆಂದು ನಾನು ಹೇಳಲಾರೆ. ಆದರೆ ತೋಟ ಅಡ ಇಟ್ಟು ಎರಡು ಪೂರ್ತಿ ಡೋಸ್ ಹಾಕಿಸಿ, ಮೂರನೆಯದಕ್ಕೆ ದುಡ್ಡಿಲ್ಲದೆ ನಿಲ್ಲಿಸಿದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕಿಂತ ತಪ್ಪದೆ ನಡೆಸಬಹುದಾದ ಸಣ್ಣ ಡೋಸ್ ನೂರು ಪಾಲು ಮೇಲು.

ನಾಲ್ಕನೆಯದು ಬರೀ ಕೀಮೋ ಅಥವಾ ಬರೀ ಮಾತ್ರೆ. ತೀವ್ರ ಆಟೋಇಮ್ಯೂನ್ ಕಾಯಿಲೆ (ದೇಹದ ಕಾವಲೇ ತನ್ನ ಅಂಗಗಳನ್ನು ಕೆಡಿಸುವುದು) ಇದ್ದವರಿಗೆ, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕುಕ್ಕೆ ಬಿಚ್ಚುವುದು ಅಪಾಯ. ಕಸಿ ಮಾಡಿದ ಕಿಡ್ನಿಯನ್ನೇ ಟಿ ಕಣಗಳು ಹಾಳು ಮಾಡಬಹುದು. ಅವರಿಗೆ ಇದು ಇರುತ್ತದೆ.

ನೋವು ಕಡಿಮೆ ಮಾಡುವ ಆರೈಕೆ ಇವೆಲ್ಲದರ ಜೊತೆ ಮೊದಲ ದಿನದಿಂದ ಇರಬೇಕು. ರೋಗಿ ತೀರ ಸೋತಿದ್ದರೆ ಅದೊಂದೇ ಸಾಕು ಅನ್ನುವುದೂ ಸರಿಯಾದ ಆಯ್ಕೆ. ಮಾರ್ಫಿನ್ ಮಾತ್ರೆ ಅಂದರೆ ಹೆದರಬೇಡಿ, ಕೇಳಿ ಬರೆಸಿಕೊಳ್ಳಿ.

ಇನ್ನೂ ಮೊದಲ ಆಪರೇಷನ್ ಆಗದವರು ಓದುತ್ತಿದ್ದರೆ ಒಂದು ಹೊಸ ಸುದ್ದಿ. ಆಪರೇಷನ್ನಿಗೆ ಮುಂಚೆ ಮತ್ತು ನಂತರ ಪೆಂಬ್ರೊಲಿಝುಮ್ಯಾಬ್ ಕೊಡುವುದಕ್ಕೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ, ಸಿಪಿಎಸ್ 1 ಅಥವಾ ಜಾಸ್ತಿ ಇದ್ದವರಿಗೆ. ಕತ್ತರಿಸುವ ಮುಂಚೆಯೇ ಕೇಳಿ.

ಶ್ವಾಸಕೋಶದವರಿಗೆ ಎರಡೇ ಅಂಕಿ ಹೇಳಿ ಮುಂದೆ ಹೋಗುತ್ತೇನೆ. ಟಿಪಿಎಸ್ 50 ಅಥವಾ ಜಾಸ್ತಿ, ಇಜಿಎಫ್‌ಆರ್-ಎಎಲ್‌ಕೆ ಇಲ್ಲದವರಲ್ಲಿ ಪೆಂಬ್ರೊಲಿಝುಮ್ಯಾಬ್‌ನಿಂದ ಶುರು ಮಾಡಿದ ನೂರಕ್ಕೆ 31.9 ಜನ ಐದು ವರ್ಷ ದಾಟಿದರು, ಕೀಮೋದಿಂದ ಶುರು ಮಾಡಿದವರಲ್ಲಿ 16.3. ಮೂರನೇ ಹಂತದಲ್ಲಿ ಆಪರೇಷನ್ ಆಗದೆ ಕೀಮೋ-ಕರೆಂಟ್ ಮುಗಿಸಿದವರಿಗೆ ಒಂದು ವರ್ಷ ಪಿಡಿ-ಎಲ್1 ತಡೆಯುವ ಡರ್ವಾಲುಮ್ಯಾಬ್ ಕೊಟ್ಟಾಗ ಐದು ವರ್ಷ ದಾಟಿದವರು ನೂರಕ್ಕೆ 42.9, ಕೊಡದಿದ್ದಾಗ 33.4. ಡರ್ವಾಲುಮ್ಯಾಬ್, ಒಸಿಮರ್ಟಿನಿಬ್ ಎರಡರ ಮೇಲಿನ ಆಮದು ಸುಂಕವನ್ನು 2024ರ ಜುಲೈ ಬಜೆಟ್‌ನಲ್ಲಿ ತೆಗೆದರು. ಅಂಗಡಿ ಬಿಲ್ಲಿನಲ್ಲಿ ಅದು ಇಳಿದಿದೆಯೋ ನೋಡಿ.

ಯಾವ ಊರಿನಲ್ಲಿ?

ಮನೆಯಲ್ಲಿ ಜಾಸ್ತಿ ಜಗಳ ಆಗಿದ್ದು ಇದರ ಮೇಲೆ. ಅಣ್ಣ ಬೆಂಗಳೂರೇ ಅಂದ. ದೊಡ್ಡಮ್ಮ ದಾವಣಗೆರೆ ಬಿಟ್ಟು ಬೇಡ ಅಂದರು. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಚಿಲ್ಲರೆ, ಚಿತ್ರದುರ್ಗದಿಂದ ಸುಮಾರು 200. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ದಾವಣಗೆರೆಯವರಿಗೆ ಅದಕ್ಕಿಂತ ಹತ್ತಿರ.

ನನ್ನ ಅಭಿಪ್ರಾಯ ಹೇಳುತ್ತೇನೆ. ಯೋಜನೆ ಹಾಕಿಸುವುದಕ್ಕೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಒಂದು ಸಲ ನೋಡಿ ಬನ್ನಿ. ಅಲ್ಲಿ ನಾಲ್ಕಾರು ಡಾಕ್ಟರು ಸೇರಿ ಕೇಸ್ ನೋಡುವ ಟ್ಯೂಮರ್ ಬೋರ್ಡ್ ಇದೆಯಾ, ಅದರ ಮುಂದೆ ನಿಮ್ಮ ಫೈಲ್ ಹೋಗುತ್ತದಾ ಅಂತ ಕೇಳಿ. ಡ್ರಿಪ್ ಹಾಕುವುದು ಅರ್ಧ ಗಂಟೆಯ ಕೆಲಸ. ಕ್ಯಾನ್ಸರ್ ಡಾಕ್ಟರ್ ಇರುವ, ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡುವ ಹತ್ತಿರದ ಆಸ್ಪತ್ರೆಯಲ್ಲಿ ಅದಾಗಬಹುದು.

ಹತ್ತಿರ ಯಾಕೆ ಮುಖ್ಯ ಅಂದರೆ ಅಡ್ಡಪರಿಣಾಮ ಹೇಳಿ ಕೇಳಿ ಬರುವುದಿಲ್ಲ. ಕೀಮೋದ ವಾಂತಿ ನಾಲ್ಕು ದಿನದಲ್ಲಿ ಹೋಗುತ್ತದೆ. ಕುಕ್ಕೆ ಬಿಚ್ಚಿದ ಎತ್ತು ಎರಡು ತಿಂಗಳಾದ ಮೇಲೂ ಬೆಳೆಗೆ ಬಾಯಿ ಹಾಕಬಹುದು, ಔಷಧಿ ನಿಲ್ಲಿಸಿದ ಮೇಲೂ ಹಾಕಬಹುದು. ದಿನಕ್ಕೆ ಐದಾರು ಸಲ ಭೇದಿ, ಹೊಸ ಒಣಕೆಮ್ಮು ಮತ್ತು ಏದುಸಿರು, ಕಣ್ಣು ಹಳದಿ, ಎದೆ ನೋವು, ತಡೆಯಲಾರದ ಬಾಯಾರಿಕೆ, ಎದ್ದು ನಿಲ್ಲಲಾರದ ಸುಸ್ತು. ಇವುಗಳಲ್ಲಿ ಒಂದು ಬಂದರೂ ಆ ದಿನವೇ ಹೋಗಬೇಕು. ಊರಿನ ಡಾಕ್ಟರ್ ಭೇದಿ ಅಂತ ಮಾಮೂಲಿ ಮಾತ್ರೆ ಕೊಟ್ಟು ಕಳಿಸಬಹುದು, ಅವರ ತಪ್ಪಲ್ಲ. ಇದಕ್ಕೆ ಬೇಕಾದದ್ದು ಬಹಳ ಸಲ ಸ್ಟೀರಾಯ್ಡ್. ಅದಕ್ಕೇ ‘ಇವರಿಗೆ ಪಿಡಿ-1 ತಡೆಯುವ ಔಷಧಿ ನಡೆಯುತ್ತಿದೆ’ ಅಂತ ಒಂದು ಚೀಟಿ ಕ್ಯಾನ್ಸರ್ ಡಾಕ್ಟರಿಂದ ಬರೆಸಿ ದೊಡ್ಡಪ್ಪನ ಅಂಗಿ ಕಿಸೆಯಲ್ಲೇ ಇಟ್ಟಿದ್ದೇವೆ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿ ಡೋಸಿಗೆ ಮುಂಚೆ ಲಿವರ್, ಕ್ರಿಯಾಟಿನಿನ್, ಶುಗರ್ ಪರೀಕ್ಷೆ, ಆಗಾಗ ಥೈರಾಯ್ಡ್. ಹಿಂದೆ ಟಿಬಿ ಆಗಿದ್ದರೆ ಅದನ್ನೂ ಹೇಳಿ.

ಇಮ್ಯುನೊಥೆರಪಿ ಅಂತ ಕೇಳಿದ ಕೂಡಲೇ ನೆಂಟರು ‘ಇಮ್ಯುನಿಟಿ’ ಪುಡಿ, ಕಷಾಯ ತಂದು ಕೊಡುತ್ತಾರೆ. ಪ್ರೀತಿಯಿಂದಲೇ. ಆದರೆ ಎರಡಕ್ಕೂ ಸಂಬಂಧವಿಲ್ಲ. ಅಮೃತಬಳ್ಳಿ ತೆಗೆದುಕೊಂಡವರಲ್ಲಿ ಲಿವರ್ ಪೆಟ್ಟಾದದ್ದನ್ನು ಮುಂಬೈ ಡಾಕ್ಟರುಗಳು 2021ರಲ್ಲಿ ವರದಿ ಮಾಡಿದ್ದಾರೆ. ಲಿವರ್ ಅಂಕಿ ಏರಿದಾಗ ಕಾರಣ ಔಷಧಿಯೋ ಕಷಾಯವೋ ಗೊತ್ತಾಗದೆ ಡೋಸ್ ನಿಲ್ಲುತ್ತದೆ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಭೇಟಿ ಮಾಡಿ, ಔಷಧಿಯ ಹೆಸರು ತೋರಿಸಿ, ಯೋಜನೆಯ ಪ್ಯಾಕೇಜಿನಲ್ಲಿ ಅದು ಇದೆಯಾ ಅಂತ ಶುರು ಮಾಡುವ ಮುಂಚೆಯೇ ಕೇಳಿ. ಪೂರ್ತಿ ಡೋಸ್ ಅಂದರೆ ಪ್ರತಿ ಸಲಕ್ಕೂ ಲಕ್ಷದ ಮಾತು. ಔಷಧಿ ಕಂಪನಿಗಳು ಕೆಲವು ಡೋಸ್ ಕೊಂಡವರಿಗೆ ಮುಂದಿನದನ್ನು ಉಚಿತವಾಗಿ ಕೊಡುವ ಯೋಜನೆ ನಡೆಸುತ್ತವೆ, ಅದನ್ನೂ ಡಾಕ್ಟರ ಹತ್ತಿರವೇ ವಿಚಾರಿಸಿ.

ದೊಡ್ಡಪ್ಪ ಮೂರನೇ ದಾರಿ ಹಿಡಿದರು. ಸಿಪಿಎಸ್ 15, ನುಂಗೋಕೆ ಆಗ ಕಷ್ಟ ಇರಲಿಲ್ಲ, ಓಡಾಡುತ್ತಿದ್ದರು, ತೋಟ ಮಾರೋದಕ್ಕೆ ಒಪ್ಪಲಿಲ್ಲ. “ಮಕ್ಕಳಿಗೆ ಮರ ಇರಲಿ ಕಣವ್ವ” ಅಂದರು. ಆರನೇ ಡೋಸ್ ಆದ ಮೇಲಿನ ಸ್ಕ್ಯಾನಿನಲ್ಲಿ ಕುತ್ತಿಗೆಯ ಗಂಟು ಅರ್ಧಕ್ಕೆ ಇಳಿದಿದೆ. ಶ್ವಾಸಕೋಶದ ಚುಕ್ಕೆಗಳು ಹಾಗೇ ಇವೆ, ಬೆಳೆದಿಲ್ಲ. ಥೈರಾಯ್ಡ್ ಕುಸಿದಿದೆ, ಬೆಳಗ್ಗೆ ಕಾಫಿಗೆ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ಶುರುವಾಗಿದೆ. ಮೆತ್ತಗಿನ ಮುದ್ದೆ, ಸಪ್ಪೆ ಸಾರು ನುಂಗುತ್ತಾರೆ. ಮುಂದಿನ ಡೋಸ್ ಸೋಮವಾರ. ಭಾನುವಾರ ಸಂಜೆಯೇ ನಮ್ಮ ಮನೆಗೆ ಬರುತ್ತಾರೆ, ರಕ್ತ ನಾನೇ ತೆಗೆಯಬೇಕಂತೆ.